ಗದ್ದೆ ಕೆರೆಯಾದ ಊರಿನಲ್ಲಿ

ಗುಡ್ಡಗಾಡಿನ ಊರು ಎಂದ ಕೂಡಲೇ ನಮ್ಮ ಮನೆಯಲ್ಲಿ ಅಟ್ಟದ ಮೇಲಿನ ಸ್ವೆಟರುಗಳು ಕೆಳಗಿಳಿಯುತ್ತವೆ. ಶ್ರೀಲಂಕಾದ ಕ್ಯಾಂಡಿ ಗುಡ್ಡಗಳ ನಡುವಿನ ಊರು, ಅದಕ್ಕೊಂದು ಕೆರೆಯಿದೆ, ಸಿಂಹಳದ ಕೊನೆಯ ರಾಜರ ರಾಜಧಾನಿ, 1988ರಲ್ಲಿ ಯುನೆಸ್ಕೊದವರು ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ ಎಂದೆಲ್ಲ ನಾನು ಓದಿ ಹೇಳಿದೆ. ಇಷ್ಟರಲ್ಲಿ ನನ್ನಾಕೆಯ ಕಿವಿಗೆ ಬಿದ್ದದ್ದು ‘ಗುಡ್ಡ’ ಒಂದೇ. ಸ್ವೆಟರು, ಶಾಲು, ಕಾಲುಚೀಲಗಳ ಜೊತೆಗೆ ನನ್ನ ಮಂಕಿ ಕ್ಯಾಪೂ ಸೂಟ್‌ಕೇಸಿಗೆ ಬಿತ್ತು. ಅಲ್ಲಿಗೆ ಹೋದ ಮೇಲೆ ಲೆಕ್ಕ ಹಾಕಿದೆ. ಕ್ಯಾಂಡಿ ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಎತ್ತರ. ನಾವು ದಿನವೂ ಉಪ್ಪಿಟ್ಟು ತಿಂದು ಪೇಪರ್ ಓದುವ ಬೆಂಗಳೂರು 900 ಮೀಟರಿನ ಮೇಲಿದೆ. ಅಂದರೆ ವಿಮಾನ ಹತ್ತಿ, ಸಮುದ್ರ ದಾಟಿ, ರೈಲಿನಲ್ಲಿ ಘಾಟಿ ಏರಿ, ಸುರಂಗಗಳನ್ನು ಹೊಕ್ಕು ಹೊರಬಂದು ನಾವು ತಲುಪಿದ್ದು ನಮ್ಮ ಅಡುಗೆಮನೆಗಿಂತ 400 ಮೀಟರ್ ತಗ್ಗಿಗೆ. ಇದನ್ನು ಹೇಳಿದಾಗ ಆಕೆ, “ಸುತ್ತ ಗುಡ್ಡ ಕಾಣ್ತಿದೆಯೋ ಇಲ್ವೋ? ಕಾಣ್ತಿದ್ರೆ ಗುಡ್ಡಗಾಡೇ ರೀ” ಎಂದಳು. ಬೆವರು ಒರೆಸಿಕೊಳ್ಳುತ್ತಲೇ ಹೇಳಿದಳು ಎಂಬುದನ್ನು ಇಲ್ಲಿ ದಾಖಲಿಸಬೇಕು.

ಕ್ಯಾಂಡಿಗೆ ಹೋಗುವುದಾದರೆ ರೈಲಿನಲ್ಲೇ ಹೋಗಬೇಕು. ಕೊಲಂಬೊ ಫೋರ್ಟ್ ನಿಲ್ದಾಣದಿಂದ ಸುಮಾರು 120 ಕಿಲೋಮೀಟರ್. ರೈಲು ಇದನ್ನು ಮೂರು ಗಂಟೆಯ ಹತ್ತಿರ ಸವಿದು ಸವಿದು ಮುಗಿಸುತ್ತದೆ. ಬಲಗಡೆ ಕೂತರೆ ಕಣಿವೆ ಕಾಣುತ್ತದೆ, ಎಡಗಡೆ ಕೂತರೆ ಬಂಡೆ ಕಾಣುತ್ತದೆ ಎಂದು ತಿಳಿದವರು ಹೇಳಿದ್ದರು. ಇಡೀ ಡಬ್ಬಿಗೇ ಅದೇ ತಿಳಿದವರು ಹೇಳಿದ್ದರೋ ಏನೋ, ಕಡುಗನ್ನಾವ ಘಾಟಿ ಬಂತೆನ್ನುವಾಗ ಎಡಗಡೆಯವರೆಲ್ಲ ಎದ್ದು ಬಂದು ನಮ್ಮ ತಲೆಗಳ ಮೇಲಿಂದ ಮೊಬೈಲು ಚಾಚಿದರು. ಕಣಿವೆ ನೋಡಲೆಂದು ಕಿಟಕಿ ಹಿಡಿದಿದ್ದ ನಾನು ಬಹುಪಾಲು ಹೊತ್ತು ಒಬ್ಬ ಯುರೋಪಿಯನ್ ಯುವಕನ ಕಂಕುಳನ್ನು ನೋಡಿದೆ. ನಡುವೆ ಒಮ್ಮೆ ಅವನು ಕೈ ಇಳಿಸಿದಾಗ ಕಂಡದ್ದು ಮಾತ್ರ ಸುಳ್ಳಲ್ಲ: ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದ ಗದ್ದೆಗಳು, ಅವುಗಳಾಚೆ ಯಾರೋ ಎತ್ತಿ ತಂದಿಟ್ಟಂಥ ಚಪ್ಪಟೆ ತಲೆಯ ಒಂದು ಬೆಟ್ಟ.

ಈ ಹಳಿ ಕ್ಯಾಂಡಿ ಮುಟ್ಟಿದ್ದು 1867ರಲ್ಲಿ. ಬ್ರಿಟಿಷರು ಅದನ್ನು ಹಾಕಿದ್ದು ಪ್ರವಾಸಿಗರ ಮೇಲಿನ ಪ್ರೀತಿಯಿಂದಲ್ಲ, ಗುಡ್ಡಗಳ ಕಾಫಿಯನ್ನು ಬಂದರಿಗೆ ಇಳಿಸುವುದಕ್ಕೆ. ಹಳಿ ಬಂದು ಇನ್ನೂ ಹೊಸದಿರುವಾಗಲೇ, 1869ರಲ್ಲಿ, ಕಾಫಿ ಗಿಡಗಳ ಎಲೆಗೆ ತುಕ್ಕುರೋಗ ಕಾಣಿಸಿಕೊಂಡು ಮುಂದೆ ತೋಟಗಳೇ ನೆಲಕಚ್ಚಿದವು. ತೋಟದವರು ಕಾಫಿ ಕಿತ್ತು ಚಹಾ ಹಾಕಿದರು. ಅದರ ಪರಿಣಾಮವನ್ನು ನಾನು ಈಗ ಅನುಭವಿಸಿದೆ. ಕಾಫಿಗೆಂದೇ ಹಾಕಿದ ರೈಲಿನಲ್ಲಿ ಕೂತು, ಒಂದು ಲೋಟ ಫಿಲ್ಟರ್ ಕಾಫಿಗೆ ಬಾಯಿಬಾಯಿ ಬಿಟ್ಟೆ. ಸಿಕ್ಕಿದ್ದು ಹಾಲಿನ ಪುಡಿ ಕದಡಿದ ಚಹಾ. ನಮ್ಮ ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ಯಾರಾದರೂ ಆ ಡಬ್ಬಿಯಲ್ಲಿದ್ದಿದ್ದರೆ ನನ್ನನ್ನು ಹಿಡಿದುಕೊಂಡು ಅಳುತ್ತಿದ್ದರು.

ಅಷ್ಟರಲ್ಲಿ ದೂರದಿಂದ “ವಡೆ, ವಡೆ, ವಡೆ” ಎಂಬ ಕೂಗು ಕೇಳಿಸಿತು. ಪರದೇಶದ ರೈಲಿನಲ್ಲಿ ಮದ್ದೂರು ನಿಲ್ದಾಣದ ಧ್ವನಿ! ನನ್ನಾಕೆ ಪರ್ಸು ತೆಗೆದು ಎದ್ದೇ ನಿಂತಳು. ಬುಟ್ಟಿ ಹತ್ತಿರ ಬಂತು. ವಡೆ ಹೌದು, ಬೇಳೆ ವಡೆಯೇ, ಬಣ್ಣವೂ ಬಿಸಿಯೂ ಸರಿಯಾಗಿದ್ದವು. ಆದರೆ ಪ್ರತಿ ವಡೆಯ ಮೇಲೂ ಎರಡೋ ಮೂರೋ ಸಿಗಡಿಗಳು ಮೀಸೆಯ ಸಮೇತ ಪವಡಿಸಿದ್ದವು. ಇದಕ್ಕೆ ಇಸ್ಸೊ ವಡೆ ಎನ್ನುತ್ತಾರಂತೆ, ಆ ದಾರಿಯ ಪ್ರಸಿದ್ಧ ತಿಂಡಿ. ಸಿಗಡಿಯಿಲ್ಲದ ವಡೆ ಬುಟ್ಟಿಯ ಇನ್ನೊಂದು ಮಗ್ಗುಲಲ್ಲಿತ್ತು. ಮಾರುವವನು ಅದನ್ನು ಯಾವುದೋ ಶಾಲೆಯ ಲೆಕ್ಕದ ಹಾಳೆಯಲ್ಲಿ ಸುತ್ತಿ ಕೊಟ್ಟ. ವಡೆ ತಿಂದಾದ ಮೇಲೆ ಹಾಳೆ ಬಿಡಿಸಿ ನೋಡಿದೆ. ಹುಡುಗನಿಗೆ ಭಾಗಾಕಾರ ಬರುವುದಿಲ್ಲ.

ಇಂಥ ಘಾಟಿಯೇ ಕ್ಯಾಂಡಿಯನ್ನು ಬಹಳ ಕಾಲ ಕಾಪಾಡಿತು. ಪೋರ್ಚುಗೀಸರು ಬಂದರು, ಡಚ್ಚರು ಬಂದರು, ಕರಾವಳಿಯನ್ನೆಲ್ಲ ನುಂಗಿದರು, ಗುಡ್ಡ ಹತ್ತಿ ಬಂದಾಗ ಮಾತ್ರ ಮಳೆ, ಕಾಡು, ಜಿಗಣೆ, ಜ್ವರ ಎಲ್ಲ ಸೇರಿ ಅವರನ್ನು ಕೆಳಕ್ಕೆ ಕಳಿಸಿದವು. 1803ರಲ್ಲಿ ಬ್ರಿಟಿಷರೂ ಬಂದು ಚೆನ್ನಾಗಿ ಪೆಟ್ಟು ತಿಂದರು. ಕೊನೆಗೆ ಊರು ಬಿದ್ದದ್ದು ಕತ್ತಿಯಿಂದಲ್ಲ, ಲೇಖನಿಯಿಂದ. ರಾಜನ ಮೇಲೆ ಮುನಿದ ಅವನದೇ ಸರದಾರರು ಬ್ರಿಟಿಷರ ಜೊತೆ ಕೂಡಿಕೊಂಡು 1815ರ ಮಾರ್ಚ್ 2ರಂದು ಅರಮನೆಯ ಒಡ್ಡೋಲಗದ ಮಂಟಪದಲ್ಲೇ ಒಪ್ಪಂದಕ್ಕೆ ಸಹಿ ಹಾಕಿದರು. ಆ ಮಂಟಪ ಈಗಲೂ ಇದೆ. ಕೆತ್ತನೆಯ ಮರದ ಕಂಬಗಳು ಬಹಳ ಚೆನ್ನಾಗಿವೆ. ಸರದಾರರು ಸಹಿ ಹಾಕುವ ಮುಂಚೆ ಒಮ್ಮೆ ತಲೆಯೆತ್ತಿ ಕಂಬ ನೋಡಬಾರದಿತ್ತೇ ಎನ್ನಿಸಿತು.

ಸರದಾರರ ಮುನಿಸಿನ ಕಾರಣಗಳಲ್ಲಿ ಕ್ಯಾಂಡಿಯ ಕೆರೆಯೂ ಒಂದು.

ಕೊನೆಯ ರಾಜ ಶ್ರೀ ವಿಕ್ರಮ ರಾಜಸಿಂಹ. ಹುಟ್ಟುಹೆಸರು ಕನ್ನಸ್ವಾಮಿ, ಮಧುರೆ ಕಡೆಯ ನಾಯಕರ ವಂಶ, 1798ರಲ್ಲಿ ಪಟ್ಟವೇರಿದ. ಅವನ ಅರಮನೆಯ ಮುಂದೆ ಗದ್ದೆಬಯಲಿತ್ತು. ಒಳ್ಳೆಯ ಭತ್ತದ ಗದ್ದೆ. ಅದಕ್ಕೆ ಏರಿ ಕಟ್ಟಿ, ನೀರು ನಿಲ್ಲಿಸಿ, 1807ರಲ್ಲಿ ಕೆರೆ ಮಾಡಿಸಿದ. ಕಿರಿ ಮುಹುದ, ಅಂದರೆ ಹಾಲ್ಗಡಲು ಎಂದು ಹೆಸರಾಯಿತು. ಈಗ ಅದರ ನೀರಿನ ಬಣ್ಣ ಹಾಲಿಗಿಂತ ಪಾಲಕ್ ಸಾರಿಗೆ ಹತ್ತಿರ. ಕೆರೆಯ ನಡುವೆ ಒಂದು ಪುಟ್ಟ ದ್ವೀಪ. ಅಲ್ಲಿ ರಾಜನ ರಾಣಿವಾಸ ಜಲಕ್ರೀಡೆಯಾಡುತ್ತಿತ್ತೆಂದು ಗೈಡುಗಳು ಕಣ್ಣು ಮಿಟುಕಿಸಿ ಹೇಳುತ್ತಾರೆ. ಬ್ರಿಟಿಷರು ಬಂದು ಅಲ್ಲಿ ಮದ್ದುಗುಂಡು ಇಟ್ಟರು. ಬಿಟ್ಟಿ ದುಡಿಮೆಗೆ ಜನ ಸಿಟ್ಟಾದರು, ಎದುರು ಮಾತಾಡಿದ ಊರ ಮುಖಂಡರನ್ನು ರಾಜ ಕೆರೆಯಂಗಳದಲ್ಲೇ ಶೂಲಕ್ಕೇರಿಸಿದ ಎಂಬ ಕಥೆಯೂ ಉಂಟು. ರಾಜನನ್ನು ಇಳಿಸಬೇಕಾದಾಗ ಇಂಥ ಕಥೆಗಳು ಸ್ವಲ್ಪ ಬೇಗ ಬೆಳೆಯುತ್ತವೆ. ಆದರೂ ಅವನು ಸಾಧು ಮನುಷ್ಯನೇನಲ್ಲ.

ನನಗೆ ಬೆರಗಾದದ್ದು ಬೇರೆ. ಗದ್ದೆಯನ್ನು ಕೆರೆ ಮಾಡಿದ ಆಡಳಿತಗಾರನೊಬ್ಬ ಇದ್ದ ಎಂಬುದನ್ನೇ ಬೆಂಗಳೂರಿನವನಾದ ನಾನು ಬೇಗ ನಂಬಲಾರೆ. ನಮ್ಮಲ್ಲಿ ಕೆಲಸ ನಡೆಯುವುದು ತಿರುಗಾಮುರುಗಾ. ಧರ್ಮಾಂಬುಧಿ ಕೆರೆಯಲ್ಲಿ ಈಗ ಮೆಜೆಸ್ಟಿಕ್ಕಿನ ಬಸ್ಸುಗಳು ನಿಲ್ಲುತ್ತವೆ. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿದೆ. ಈಜಬೇಕಾದ ಕಡೆ ಓಡುತ್ತೇವೆ. ಚಲ್ಲಘಟ್ಟದ ಕೆರೆಯಲ್ಲಿ ಗಾಲ್ಫ್ ಆಡುತ್ತಾರೆ. ನಾವಿರುವ ಬಡಾವಣೆಯೂ ಹಿಂದೆ ಕೆರೆಯಂಗಳವೇ. ಕಟ್ಟಿದವರು ಅದಕ್ಕೆ ‘ಕೆರೆಯ ನೋಟ’ ಎಂಬರ್ಥದ ಒಂದು ಇಂಗ್ಲಿಷ್ ಹೆಸರಿಟ್ಟಿದ್ದರು. ಕೆರೆ ಎಲ್ಲಿ ಎಂದು ಬಾಲ್ಕನಿಯಲ್ಲಿ ನಿಂತು ಹುಡುಕಿದವರಿಗೆ ಮೊದಲ ದೊಡ್ಡ ಮಳೆಯಲ್ಲಿ ಉತ್ತರ ಸಿಕ್ಕಿತು. ಕೆರೆ ನೆಲಮಾಳಿಗೆಯಲ್ಲಿತ್ತು, ಕಾರುಗಳ ಸಮೇತ. ಇಂಥ ಊರಿನಿಂದ ಬಂದವನು ಕ್ಯಾಂಡಿಯ ಕೆರೆಯ ದಂಡೆಯಲ್ಲಿ ನಿಂತಾಗ ರಮಣೀಯ ಪ್ರಕೃತಿ ಕಾಣುವುದಕ್ಕೆ ಮುಂಚೆ ಚದರಡಿಗಳು ಕಾಣುತ್ತವೆ. “ಎಷ್ಟು ಸೈಟು ಆಗಬಹುದು ರೀ?” ಎಂದು ನನ್ನಾಕೆ ಕೇಳಿಯೇ ಬಿಟ್ಟಳು. ನಾನು ಆಗಲೇ ಮನಸ್ಸಿನಲ್ಲಿ ಮೂವತ್ತು ನಲವತ್ತರ ಗೆರೆ ಎಳೆಯುತ್ತಿದ್ದೆ. ಮೂಲೆ ಸೈಟುಗಳನ್ನು ಬೇರೆ ಇಟ್ಟಿದ್ದೆ.

ಕೆರೆಯನ್ನು ಒಂದು ಸುತ್ತು ಹಾಕಿದರೆ ಮೂರು ಕಿಲೋಮೀಟರಿಗೆ ತುಸು ಹೆಚ್ಚು. ದಂಡೆಗೊಂದು ತಗ್ಗು ಗೋಡೆಯಿದೆ, ಮೇಲಂಚು ಮೋಡದ ಅಲೆಗಳ ಆಕಾರ. ಅದರಲ್ಲಿ ಸಾಲಾಗಿ ಗೂಡುಗಳು. ಹಬ್ಬದ ದಿನ ಹಣತೆ ಇಡುವುದಕ್ಕೆ. ರಾಜನ ಶಿಲ್ಪಿ ದೇವೇಂದ್ರ ಮೂಲಾಚಾರಿಯ ಕೈಕೆಲಸವಂತೆ. ಸ್ವಲ್ಪ ದೂರ ಹೋದ ಮೇಲೆ ಮೋಡದ ಗೋಡೆ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಬ್ರಿಟಿಷರು ಬಂದರು, ಕಾಮಗಾರಿ ನಿಂತಿತು. ಅರ್ಧಕ್ಕೆ ನಿಂತ ಕಾಮಗಾರಿ ಕಂಡಾಗ ಮಾತ್ರ ನನಗೆ ನಮ್ಮೂರಿಗೆ ಬಂದಷ್ಟು ಹಾಯೆನಿಸಿತು. ವ್ಯತ್ಯಾಸವಿಷ್ಟೇ, ಅವರು ಅರ್ಧ ಗೋಡೆಯನ್ನು ಪರಂಪರೆ ಎಂದು ಜೋಪಾನ ಮಾಡಿದ್ದಾರೆ. ನಾವು ಅರ್ಧ ಮೇಲ್ಸೇತುವೆಗೆ ಜಾಹೀರಾತು ಅಂಟಿಸುತ್ತೇವೆ.

ದಂಡೆಯ ಮೇಲೆಯೇ ರಾಣಿಯರ ಸ್ನಾನದ ಮನೆಯಿದೆ. ಬ್ರಿಟಿಷರು ಅದರ ಮೇಲೊಂದು ಅಂತಸ್ತು ಕಟ್ಟಿ ಲೈಬ್ರರಿ ಮಾಡಿದರು. ಆಮೇಲೆ ಅಲ್ಲಿಗೆ ಪೊಲೀಸರು ಬಂದರು. ಸ್ನಾನ, ಓದು, ಲಾಠಿ ಎಂಬ ಈ ಕ್ರಮದಲ್ಲಿ ಒಂದು ದೇಶದ ಚರಿತ್ರೆಯೇ ಅಡಗಿದೆ, ಆದರೆ ಪೊಲೀಸರ ಮುಂದೆ ನಿಂತು ಅದನ್ನು ವಿವರಿಸಲು ನನಗೆ ಧೈರ್ಯ ಬರಲಿಲ್ಲ. ನೀರಿನಂಚಿನಲ್ಲಿ ಕೊಕ್ಕರೆಗಳು, ನೀರುಕಾಗೆಗಳು, ಗೋಡೆಯ ಬುಡದಲ್ಲಿ ಮಾರುದ್ದದ ಉಡಗಳು. ಉಡಗಳು ಪ್ರವಾಸಿಗರಿಗೆ ಹೆದರುವುದಿಲ್ಲ, ಟಿಕೆಟ್ ತೋರಿಸಿ ಎಂದು ಕೇಳುವ ಗತ್ತಿನಲ್ಲಿ ನೋಡುತ್ತವೆ. ಬೆಂಚುಗಳ ಮೇಲೆ ಕೊಡೆಗಳು. ಮಳೆಯಿಲ್ಲ, ಅಂಥ ಬಿಸಿಲೂ ಇಲ್ಲ, ಮರದ ನೆರಳು ಬೇಕಾದಷ್ಟಿದೆ. ಆದರೂ ಬಿಚ್ಚಿದ ಕೊಡೆಗಳು. ಒಂದೊಂದು ಕೊಡೆಯ ಕೆಳಗೂ ನಾಲ್ಕು ಕಾಲುಗಳು ಕಂಡ ಮೇಲೆ ವಿಷಯ ಅರ್ಥವಾಯಿತು. ಪೆರಾದೆನಿಯದ ಸಸ್ಯೋದ್ಯಾನದಲ್ಲಂತೂ ಈ ಕೊಡೆಗಳದ್ದೇ ಒಂದು ಬೆಳೆ. ಪ್ರೇಮಿಗಳು ಮರದ ಕಾಂಡದ ಮೇಲೆ ಹೆಸರು ಕೊರೆಯುವುದಕ್ಕಿಂತ ಇದು ಎಷ್ಟೋ ಮೇಲು.

ಕೆರೆಗೆ ಎದುರಾಗಿ ದಲದಾ ಮಾಳಿಗಾವ, ಬುದ್ಧನ ದಂತಧಾತುವಿನ ದೇಗುಲ. ಕಳಿಂಗದ ರಾಜಕುಮಾರಿ ಹೇಮಮಾಲಿ ಈ ದಂತವನ್ನು ತುರುಬಿನಲ್ಲಿ ಅಡಗಿಸಿ ಸಮುದ್ರ ದಾಟಿಸಿದಳೆಂಬುದು ಐತಿಹ್ಯ. ನಾವು ಸಂಜೆ ಪೂಜೆಯ ಹೊತ್ತಿಗೆ ಹೋದೆವು. ಬಿಳಿಯುಟ್ಟ ಜನ, ಕೈಯಲ್ಲಿ ನೈದಿಲೆ, ಕೆಳಗಿನ ಅಂಕಣದಲ್ಲಿ ಮದ್ದಳೆಯಂಥ ವಾದ್ಯಗಳ ಮೊಳಗು. ಚಪ್ಪಲಿಯನ್ನು ಹೊರಗೆ ಕೌಂಟರಿನಲ್ಲಿ ಕೊಟ್ಟು ಚೀಟಿ ತಗೊಳ್ಳಬೇಕು. ಒಂದೊಂದು ಕಾಲಿನ ಚಪ್ಪಲಿಯನ್ನು ಒಂದೊಂದು ಕಡೆ ಬಿಟ್ಟು ಹೋಗುವ ನಮ್ಮ ದೇವಸ್ಥಾನಗಳ ಪುರಾತನ ವಿದ್ಯೆ ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಮೇಲಂತಸ್ತಿನಲ್ಲಿ ಗರ್ಭಗುಡಿಯ ಬಾಗಿಲು ತೆರೆದಾಗ ಸಾಲು ಮುಂದಕ್ಕೆ ಸರಿಯುತ್ತದೆ. “ಜರುಗಂಡಿ” ಎನ್ನುವವರಿಲ್ಲ, ಆದರೆ ಹಿಂದಿನವರ ಮೊಣಕೈಗೆ ಆ ಭಾಷೆ ಗೊತ್ತು. ಕಾಣುವುದು ಚಿನ್ನದ ಸ್ತೂಪದಂಥ ಕರಂಡ. ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು, ಹೀಗೆ ಏಳು. ಎಲ್ಲಕ್ಕೂ ಒಳಗೆ ದಂತ. ನನ್ನಾಕೆ ಕೈಮುಗಿದು ಹೊರಬಂದವಳು ನನ್ನ ಬಾಯಿಯ ಕಡೆ ನೋಡಿ, “ನೋಡಿ, ಹಲ್ಲನ್ನ ಹೇಗೆ ಇಟ್ಕೋಬೇಕು ಅಂತ” ಎಂದಳು. ಪೆರಾದೆನಿಯ ವಿಶ್ವವಿದ್ಯಾಲಯದಲ್ಲಿ ದಂತವೈದ್ಯದ ವಿಭಾಗವಿದೆ ಎಂದು ಆಟೋದವನು ಹೇಳಿದ್ದ. ಆಕೆ ಅದನ್ನು ಮರೆತಿರಲಿಲ್ಲ.

ಆಟೋದವನ ವಿಷಯ ಬಂತಲ್ಲ. ಬೆಂಗಳೂರಿನವರು ಎಂದ ಕೂಡಲೇ ಅವನು “ಕುಂಬ್ಳೆ!” ಎಂದ. ನಾನು ಉಬ್ಬಿದೆ. “ಕುಂಬ್ಳೆ 619, ನಮ್ಮ ಮುರಳಿ 800” ಎಂದು ಅವನೇ ಸೇರಿಸಿದ. ಮುತ್ತಯ್ಯ ಮುರಳೀಧರನ್ ಕ್ಯಾಂಡಿಯವರು. ಮುಂದಿನ ತಿರುವಿನಲ್ಲಿ 1996ರ ವಿಶ್ವಕಪ್ಪಿನ ಕಲ್ಕತ್ತಾ ಸೆಮಿಫೈನಲ್ ತೆಗೆದ. ನಾನು ಕಿಟಕಿಯಾಚೆ ಕೆರೆ ಎಷ್ಟು ಚೆನ್ನಾಗಿದೆ ಎಂದು ಮಾತು ತಿರುಗಿಸಿದೆ. ಆಟೋಕ್ಕೆ ಕಿಟಕಿಯೇ ಇರಲಿಲ್ಲ.

ಈ ಸೋಲಿನ ಲೆಕ್ಕ ಚುಕ್ತಾ ಆದದ್ದು ಆನೆಯಿಂದ. ಪ್ರತಿ ವರ್ಷ ಜುಲೈ, ಆಗಸ್ಟಿನ ಸುಮಾರಿಗೆ ಕ್ಯಾಂಡಿಯಲ್ಲಿ ಎಸಳ ಪೆರಹೆರ ನಡೆಯುತ್ತದೆ. ರಾತ್ರಿಯ ಹೊತ್ತು ಪಂಜಿನ ಬೆಳಕಿನಲ್ಲಿ ಕುಣಿತ, ಮದ್ದಳೆ, ಸಿಂಗರಿಸಿದ ಆನೆಗಳ ಸಾಲು. ಎಲ್ಲಕ್ಕೂ ಮುಖ್ಯವಾಗಿ ಪವಿತ್ರ ಕರಂಡ ಹೊತ್ತ ದೊಡ್ಡ ದಂತದ ಗಂಡಾನೆ. ನನ್ನಾಕೆಯ ತವರು ಮೈಸೂರು. ಜಂಬೂಸವಾರಿ ನೋಡಿ ಬೆಳೆದವರಿಗೆ ಬೇರೆ ಊರಿನ ಆನೆ ಮೆರವಣಿಗೆ ಹೇಗೆ ಕಂಡೀತೋ ಹಾಗೇ ಅವಳಿಗೂ ಕಂಡಿತ್ತು. “ನಮ್ಮದು ಏಳುನೂರೈವತ್ತು ಕೇಜಿ ಅಂಬಾರಿ” ಎಂದು ದೇಗುಲದ ಆನೆ ಮ್ಯೂಸಿಯಮ್ಮಿನ ಬಾಗಿಲಲ್ಲೇ ಘೋಷಿಸಿದ್ದಳು. ಒಳಗೆ, 1988ರಲ್ಲಿ ತೀರಿಕೊಂಡ ‘ರಾಜ’ ಎಂಬ ಆನೆಯ ಚರ್ಮವನ್ನು ತುಂಬಿ ನಿಲ್ಲಿಸಿದ್ದಾರೆ. ಅಲ್ಲಿದ್ದ ಒಬ್ಬ ಹಿರಿಯರು ನಮ್ಮ ಊರು ಕೇಳಿ, ಅದಾದ ಮೇಲಿನ ಇನ್ನೊಬ್ಬ ರಾಜನ ಕಥೆ ಹೇಳಿದರು.

ನದುಂಗಮುವ ರಾಜ. ಹತ್ತೂವರೆ ಅಡಿ ಎತ್ತರ, ನೆಲ ಮುಟ್ಟುವಂಥ ದಂತ. ಹಲವು ವರ್ಷ ಪೆರಹೆರದಲ್ಲಿ ಕರಂಡ ಹೊತ್ತ ಆನೆ. ತನ್ನೂರಿನಿಂದ ಕ್ಯಾಂಡಿಗೆ ಸುಮಾರು 90 ಕಿಲೋಮೀಟರ್ ದೂರವನ್ನು ನಡೆದೇ ಬರುತ್ತಿತ್ತು. ಒಮ್ಮೆ ಬೈಕಿನವನೊಬ್ಬ ಇನ್ನೇನು ಗುದ್ದೇಬಿಡುತ್ತಿದ್ದ. ಆಮೇಲೆ ಸರ್ಕಾರ ಅದಕ್ಕೆ ಬಂದೂಕು ಹಿಡಿದ ಸೈನಿಕರ ಕಾವಲು ಕೊಟ್ಟಿತು. 2022ರ ಮಾರ್ಚಿನಲ್ಲಿ ತೀರಿಕೊಂಡಾಗ ಜನ ಸಾಲುಗಟ್ಟಿ ಬಂದು ಅತ್ತರು, ಸರ್ಕಾರ ಅದನ್ನು ರಾಷ್ಟ್ರೀಯ ಸಂಪತ್ತೆಂದು ಸಾರಿತು. ಈ ಆನೆ ಹುಟ್ಟಿದ್ದು ಎಲ್ಲಿ? ಮೈಸೂರಿನಲ್ಲಿ, 1953ರಲ್ಲಿ. ಮೈಸೂರು ಮಹಾರಾಜರ ಬಂಧುವೊಬ್ಬರ ಕಾಯಿಲೆಯನ್ನು ಸಿಂಹಳದ ಒಬ್ಬ ಭಿಕ್ಷು ವಾಸಿ ಮಾಡಿದರೆಂದೂ, ಮಹಾರಾಜರು ಸಂತೋಷಪಟ್ಟು ಎರಡು ಮರಿಯಾನೆ ಉಡುಗೊರೆ ಕೊಟ್ಟರೆಂದೂ, ಅವುಗಳಲ್ಲಿ ಇದೊಂದೆಂದೂ ಅಲ್ಲಿಯವರು ಹೇಳುತ್ತಾರೆ.

ಇಷ್ಟು ಕೇಳಿದ್ದೇ ತಡ, ನನ್ನಾಕೆಗೆ ಕ್ಯಾಂಡಿಯ ಮೇಲಿದ್ದ ದೃಷ್ಟಿಯೇ ಬದಲಾಯಿತು. ಆಗಿನಿಂದ ಪೆರಹೆರ ಒಂದು ಒಳ್ಳೆಯ ಹಬ್ಬ, ಊರು ಅಚ್ಚುಕಟ್ಟು, ಕೆರೆಯ ನೀರು ಕೂಡ ಹಸಿರಲ್ಲ, ತಿಳಿಹಸಿರು. ಹೋಟೆಲಿನವನಿಗೂ, ಆಟೋದವನಿಗೂ, ನೈದಿಲೆ ಮಾರುವ ಹೆಂಗಸಿಗೂ ಕೈಸನ್ನೆಯಲ್ಲಿ ಸೊಂಡಿಲು ಮಾಡಿ ತೋರಿಸಿ “ರಾಜಾ, ಮೈಸೂರು, ಮೈ ಪ್ಲೇಸ್” ಎಂದಳು. ಅವಳ ತವರಿನ ಕಡೆಯವರಲ್ಲಿ ಸೈನಿಕರ ಕಾವಲು ಪಡೆದವರು ಇದೊಂದೇ ಎಂದು ನಾನು ಹೇಳಹೋಗಿ, ಅರ್ಧಕ್ಕೆ ನಿಲ್ಲಿಸಿ, ಜಾಣನಾದೆ.

ಊಟದ ಕಷ್ಟವನ್ನು ಉದ್ದ ಮಾಡುವುದಿಲ್ಲ. ಆ ಮಣ್ಣಿನಲ್ಲಿ ನಮ್ಮದೇ ಸೊಪ್ಪು, ನಮ್ಮದೇ ಎಳೆ ಹಲಸು. ಒತ್ತುಶಾವಿಗೆಯನ್ನು ಇಂದಿ ಆಪ್ಪ ಎನ್ನುತ್ತಾರೆ, ಒಂದೆಲಗವನ್ನು ತೆಂಗಿನತುರಿಯೊಡನೆ ಕಲಸಿ ಬಡಿಸುತ್ತಾರೆ. ಬಾಯಲ್ಲಿ ನೀರೂರುತ್ತದೆ. ಆದರೆ ಇವೆಲ್ಲದರ ನಡುವೆ ಉಂಬಲಕಡ ಎಂಬುದೊಂದಿದೆ; ಒಣಗಿಸಿ ಕಲ್ಲಾಗಿಸಿದ ಮೀನಿನ ಚೂರು. ಕಾಯಿ ಚಟ್ನಿಯಂಥ ಪೊಲ್ ಸಂಬೊಲ್‌ನಲ್ಲಿ, ಪಲ್ಯದಲ್ಲಿ, ಎಲ್ಲೆಂದರಲ್ಲಿ ಅದು ಇಣುಕುತ್ತದೆ. “ಇದರಲ್ಲಿ ಮೀನಿದೆಯಾ?” ಎಂದರೆ, “ಇಲ್ಲಮ್ಮಾ, ಉಂಬಲಕಡ ಮಾತ್ರ” ಎನ್ನುತ್ತಾರೆ, ನಾವು ಸಾರಿಗೆ ಇಂಗು ಮಾತ್ರ ಎನ್ನುವ ಧಾಟಿಯಲ್ಲಿ. ಕೊನೆಗೆ ನಮ್ಮನ್ನು ಕಾಪಾಡಿದ್ದು ಮಣ್ಣಿನ ಕುಡಿಕೆಯ ಎಮ್ಮೆ ಮೊಸರು, ಅದರ ಮೇಲೆ ಬಗನಿ ಮರದ ರಸ ಕಾಯಿಸಿ ಮಾಡಿದ ಜೋನಿಬೆಲ್ಲ. ಇದಕ್ಕಾಗಿ ಇನ್ನೊಮ್ಮೆ ಹೋದರೂ ತಪ್ಪಿಲ್ಲ. ಬಿಲ್ಲು ಸಾವಿರಗಳಲ್ಲಿ ಬರುತ್ತದೆ, ಗಾಬರಿಯಾಗಬೇಡಿ. ನಮ್ಮ ಒಂದು ರೂಪಾಯಿಗೆ ಅವರದು ಮೂರಕ್ಕಿಂತ ಹೆಚ್ಚು, ಭಾಗಿಸಿಕೊಳ್ಳಬೇಕು.

ಮಂಕಿ ಕ್ಯಾಪಿಗೆ ಕೆಲಸವೇ ಬರಲಿಲ್ಲ. ದೇಗುಲದ ಹಿಂದಿನ ಉಡವತ್ತ ಕೆಲೆ ಕಾಡಿನಲ್ಲಿರುವ ಮಂಗಗಳಿಗೆ ಹುಟ್ಟಿನಿಂದಲೇ ತಲೆಯ ಮೇಲೆ ಕೂದಲಿನ ಟೋಪಿಯಿರುತ್ತದೆ, ನಡುಬೈತಲೆ ತೆಗೆದಂಥದು. ಅವುಗಳಿಗೂ ಅದು ಬೇಕಿರಲಿಲ್ಲ.

ರಾಜನ ಗತಿ ಹೇಳದಿದ್ದರೆ ಕಥೆ ಅರ್ಧವಾಗುತ್ತದೆ. ಸೆರೆಸಿಕ್ಕ ಶ್ರೀ ವಿಕ್ರಮ ರಾಜಸಿಂಹನನ್ನು 1816ರಲ್ಲಿ ಹಡಗು ಹತ್ತಿಸಿ ವೆಲ್ಲೂರಿನ ಕೋಟೆಗೆ ತಂದರು. ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನು ಇಟ್ಟಿದ್ದ ಕೋಟೆಯೇ ಅದು. 1806ರ ಸಿಪಾಯಿ ದಂಗೆಯಾದ ಮೇಲೆ ಅವರನ್ನು ಕಲ್ಕತ್ತೆಗೆ ಸಾಗಿಸಿದ್ದರಿಂದ ಜಾಗ ಖಾಲಿಯಿತ್ತು. ಕಂಪನಿ ಸರ್ಕಾರ ರಾಜರ ವಿಷಯದಲ್ಲಿ ನಮ್ಮ ಮನೆ ಮಾಲೀಕರ ಹಾಗೆ, ಒಬ್ಬರು ಬಿಟ್ಟ ಕೂಡಲೇ ಇನ್ನೊಬ್ಬರನ್ನು ತುಂಬುತ್ತಿತ್ತು. ಅಲ್ಲಿಯೇ 1832ರಲ್ಲಿ ಅವನು ತೀರಿಕೊಂಡ. ಅವನ ಸಿಂಹಾಸನ ಇಂಗ್ಲೆಂಡಿಗೆ ಹೋಗಿ 1934ರಲ್ಲಿ ವಾಪಸು ಬಂದು ಕೊಲಂಬೊದ ಮ್ಯೂಸಿಯಮ್ಮಿನಲ್ಲಿದೆ. ಅವನನ್ನು ಶಪಿಸಿದವರು ಹೋದರು, ಇಳಿಸಿದವರೂ ಹೋದರು. ಜನ ಯಾವುದಕ್ಕಾಗಿ ಶಪಿಸಿದರೋ ಆ ಕೆರೆಯ ಫೋಟೊ ಈಗ ಆ ದೇಶದ ಪ್ರವಾಸಿ ಪುಸ್ತಕಗಳಲ್ಲೆಲ್ಲ ಇದೆ. ಬಿಟ್ಟಿ ದುಡಿಸಿದ್ದನ್ನು ಇದಕ್ಕಾಗಿ ಮನ್ನಾ ಮಾಡಬೇಕೆಂದಲ್ಲ. ಗದ್ದೆಗೆ ನೀರು ನಿಲ್ಲಿಸಿದ್ದೇ ಅವನು ಮಾಡಿದ ಕೆಲಸಗಳಲ್ಲಿ ಬಾಳಿಕೆ ಬಂದದ್ದು ಎನ್ನುವುದನ್ನಷ್ಟೇ ಹೇಳುತ್ತಿದ್ದೇನೆ.

ಊರೀಗ ಬೆಳೆದಿದೆ. ಗುಡ್ಡಗಳ ನಡುವಿನ ಬೋಗುಣಿಯಲ್ಲಿ ಅಗಲ ಮಾಡಲು ಜಾಗವಿಲ್ಲ. ಶಾಲೆ ಬಿಡುವ ಹೊತ್ತಿಗೆ ಕೆರೆಯ ಸುತ್ತಲಿನ ರಸ್ತೆಯಲ್ಲಿ ವಾಹನಗಳು ನಿಂತಲ್ಲೇ ನಿಲ್ಲುತ್ತವೆ, ಬಸ್ಸುಗಳು ತಿರುಗಲು ಒದ್ದಾಡುತ್ತವೆ. ಆದ್ದರಿಂದ ಅಧ್ಯಯನ ಪ್ರವಾಸದಲ್ಲಿ ಆಸಕ್ತಿಯುಳ್ಳ ನಮ್ಮ ಜನಪ್ರತಿನಿಧಿಗಳಲ್ಲೂ ನಗರ ಯೋಜಕರಲ್ಲೂ ನನ್ನದೊಂದು ಕಳಕಳಿಯ ವಿನಂತಿ: ಸಿಂಗಪುರಕ್ಕೆ ಹೋಗಿ, ಸ್ವಿಟ್ಜರ್ಲೆಂಡಿಗೆ ಹೋಗಿ, ಕ್ಯಾಂಡಿಗೆ ಮಾತ್ರ ದಯವಿಟ್ಟು ಹೋಗಬೇಡಿ. ಬಸ್ ನಿಲ್ದಾಣಕ್ಕೆ ಜಾಗ ಎಲ್ಲಿಂದ ತರುವುದು ಎಂಬುದು ಆ ಜನಕ್ಕೆ ಇನ್ನೂ ಹೊಳೆದಿಲ್ಲ.